ಹಾಕುವ ಪಾಲಿಶ್, ತೆಗೆಯುವ ಪಾಲಿಶ್

ಟೆಕ್ಸಸ್ಸಿನ ಕ್ಯಾರಲ್ಟನ್ ಊರಿನ ಕಾರು ತೊಳೆಯುವ ಅಂಗಡಿಯೊಂದರ ಹಿಂಬದಿಯ ಶೆಡ್ಡಿನಲ್ಲಿ ಬೆಳಗಿನ ಏಳು ಗಂಟೆಗೇ ದೀಪ ಉರಿಯುತ್ತಿದೆ. ಹೊರಗೆ ಆಕಾಶ ಈಗಷ್ಟೇ ಬೂದು ಬಣ್ಣಕ್ಕೆ ತಿರುಗುತ್ತಿದೆ. ಟ್ಯೂಬ್‌ಲೈಟಿನ ಕೆಳಗೆ ಒಂದು ಕಪ್ಪು ಕಾರು ನಿಂತಿದೆ. ಅದರ ದೀಪಗಳ ಸುತ್ತ, ಬಾನೆಟ್ಟಿನ ಅಂಚಿಗೆ, ಬಾಗಿಲಿನ ಹಿಡಿಕೆಗೆ, ಕೊನೆಗೆ ಈ ಕೆಲಸಕ್ಕೆ ಯಾವ ಸಂಬಂಧವೂ ಇಲ್ಲದ ಹಿಂದಿನ ನಂಬರ್ ಪ್ಲೇಟಿಗೂ ಹಳದಿ ಟೇಪು ಅಂಟಿಸಲಾಗಿದೆ. ಆಸ್ಪತ್ರೆಯಿಂದ ಈಗ ತಾನೇ ಮನೆಗೆ ಕಳಿಸಿದ ಹಾಗಿದೆ ಎಂದು ಕನ್ನಡ ಸಂಘದ ಪತ್ರಿಕೆಗೆ ಬರೆಯಲು ಬಂದಿರುವ ನಾನು ತಮಾಷೆ ಮಾಡುತ್ತೇನೆ. ಟೇಪು ಅಂಟಿಸಿದ ದಾಕ್ಷಾಯಣಿಯವರು ನಗುವುದಿಲ್ಲ. ಇನ್ನೊಂದು ತುಂಡು ಹರಿದು ಬಾನೆಟ್ಟಿನ ಅಂಚಿನ ಮೇಲೆ ಎರಡನೆಯ ಸುತ್ತು ಅಂಟಿಸುತ್ತಾರೆ.

ನಲವತ್ತಾರು ವರ್ಷದ ಈ ಹೆಂಗಸು ಮೂರು ವರ್ಷದಿಂದ ಇಲ್ಲಿ ಕಾರುಗಳಿಗೆ ಕೈಯಲ್ಲಿ ಮೇಣ ಹಚ್ಚುತ್ತಿದ್ದಾರೆ. ಇವತ್ತು ಮೊದಲ ಸಲ ಗಿರಾಕಿಯ ಕಾರಿನ ಮೇಲೆ ಪಾಲಿಶ್ ಯಂತ್ರ ಇಡಬೇಕು. ಗಟ್ಟಿ ವಸ್ತು ಯಾವುದೂ ಬಣ್ಣಕ್ಕೆ ತಗುಲಬಾರದು ಎಂಬುದು ಈ ಕೆಲಸದ ಮೊದಲ ನಿಯಮ. ಮಾಂಗಲ್ಯ ಟೀ ಶರ್ಟಿನೊಳಗೆ ಸೇರಿದೆ. ಉಂಗುರ ಕೈಚೀಲದಲ್ಲಿದೆ. ಹಸಿರು ಗಾಜಿನ ಬಳೆಗಳನ್ನು ಮಾತ್ರ ಬಿಚ್ಚಲು ಅವರು ಸುತರಾಂ ತಯಾರಿಲ್ಲ. ಗಂಡನ ಹಳೆಯ ಕಾಲುಚೀಲಗಳ ಮೇಲ್ಭಾಗ ಕತ್ತರಿಸಿ ಎರಡೂ ಮುಂಗೈಗೆ ತೊಟ್ಟು, ಬಳೆಗಳನ್ನು ಅದರೊಳಗೆ ಮುಚ್ಚಿ, ಮೇಲೆ ಅದೇ ಹಳದಿ ಟೇಪು ಸುತ್ತಿಕೊಂಡಿದ್ದಾರೆ. ಇಂಥ ದಿನ ಬರಿಗೈಯಲ್ಲಿ ನಿಂತರೆ ಇನ್ನೇನು ಕಾದಿದೆಯೋ ಎಂಬ ಅಳುಕು ಅವರದು.

“ಕೈ ನೋಡಿ, ಹೆಂಗೆ ನಡುಗ್ತಾ ಇದೆ. ಇದೇ ಕೈಲಿ ಅದನ್ನ ಹಿಡೀಬೇಕು,” ಎನ್ನುತ್ತಾರೆ. ‘ಅದು’ ಎಂದರೆ ಮೂಲೆಯ ಬೆಂಚಿನ ಮೇಲೆ ಮಲಗಿರುವ ಯಂತ್ರ. ತೂಕ ಮೂರು ಕಿಲೋ. ತುದಿಯಲ್ಲಿ ಸೆಟ್ ದೋಸೆಯಷ್ಟು ಅಗಲದ ಸ್ಪಂಜು. ಎಲ್ಲಕ್ಕಿಂತ ನಿಧಾನವಾಗಿ ತಿರುಗಿಸಿದರೂ ನಿಮಿಷಕ್ಕೆ ಸಾವಿರ ಸುತ್ತು. ಅದರ ಕಡೆ ನೋಡಬೇಕಾದಾಗಲೆಲ್ಲ ಅವರು ಬೇರೆ ಎಲ್ಲೋ ನೋಡುತ್ತಾರೆ.

ಭಯಕ್ಕೆ ಕಾರಣವಿದೆ. ಯಂತ್ರ ಹಿಡಿಯುತ್ತಿದ್ದವನು ಕಳೆದ ತಿಂಗಳು ಹೂಸ್ಟನ್ನಿಗೆ ಹೊರಟುಹೋದ. ಅಂಗಡಿಯ ಯಜಮಾನ ರೂಬೆನ್‌ಗೆ ಭುಜದ ನೋವು, ಅದನ್ನು ಎತ್ತುವ ಹಾಗಿಲ್ಲ. ಕೈಯಲ್ಲಿ ಮೇಣ ಹಚ್ಚಿಸಿಕೊಳ್ಳಲು ಎರಡು ಗಂಟೆ ಕಾಯುವ ಗಿರಾಕಿಗಳು ಈಗ ಇಲ್ಲ. ಈ ಕಪ್ಪು ಕಾರು ಸರಿಯಾಗಿ ಹೊರಗೆ ಹೋದರೆ ಯಂತ್ರದ ಕೆಲಸ ದಾಕ್ಷಾಯಣಿಯವರದು ಎಂದು ರೂಬೆನ್ ಹೇಳಿದ್ದಾರೆ. ಆಗದಿದ್ದರೆ ಬೇರೊಬ್ಬ ಬರುತ್ತಾನೆ, ಇವರು ಮುಂಬಾಗಿಲ ಹತ್ತಿರ ಬಿಸಿಲಲ್ಲಿ ನಿಂತು ವ್ಯಾಕ್ಯೂಮ್ ಹಿಡಿಯುವ ಸಾಲಿಗೆ ಹೋಗಬೇಕು. ಹೋದ ಬೇಸಗೆಯಲ್ಲಿ ಅಲ್ಲಿ ಎರಡು ವಾರ ನಿಂತಿದ್ದಾಗ ಇವರು ಎರಡು ಸಲ ತಲೆ ಸುತ್ತಿ ಬಿದ್ದಿದ್ದರು. ಮೂರನೆಯ ಸಲ ಬೀಳುವುದಕ್ಕೆ ಅವರಿಗೆ ಮನಸ್ಸಿಲ್ಲ.

ಪಾಲಿಶ್ ಎಂಬ ಮಾತು ಇವರಿಗೆ ಹೊಸದೇನೂ ಅಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಇವರ ತಂದೆ ಬೀಟೆ ಮರದ ಕೆತ್ತನೆ ಮೇಜುಗಳಿಗೆ ಅರಗಿನ ಪಾಲಿಶ್ ಹಾಕುತ್ತಿದ್ದರು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ, ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಕಟ್ಟಿ, ಅದ್ದಿ ಅದ್ದಿ ತೀಡುವ ಕೆಲಸ. ಹನ್ನೆರಡನೇ ವಯಸ್ಸಿಗೇ ಮಗಳ ಕೈಗೆ ಆ ಉಂಡೆ ಬಂತು. ಹತ್ತೊಂಬತ್ತರಲ್ಲಿ ಒಂದು ಅನಾಹುತ ಮಾಡಿದರು. ಮೇಜಿನ ಮೇಲೆ ಆನೆಯ ಚಿತ್ರ, ಬಿಳಿಯ ತೆಳು ತುಂಡಿನಲ್ಲಿ ಕೂರಿಸಿದ ದಂತ. ಇನ್ನೂ ನುಣುಪಾಗಲಿ ಎಂದು ಉಪ್ಪುಕಾಗದ ಹಿಡಿದು ಉಜ್ಜಿದರು, ಉಜ್ಜಿದರು. ಊದಿ ನೋಡಿದಾಗ ಆನೆಗೆ ದಂತವೇ ಇರಲಿಲ್ಲ.

“ಅಪ್ಪ ಬೈಲಿಲ್ಲ. ಆ ಜಾಗದ ಮೇಲೆ ಬೆರಳಿಟ್ಟುಕೊಂಡು ಸುಮ್ನೆ ಕೂತ್ಬಿಟ್ರು. ಬೈದಿದ್ರೆ ಮರೀತಿದ್ದೆನೋ ಏನೋ,” ಎನ್ನುತ್ತಾರೆ. ಆಮೇಲೆ ಒಂದು ವರ್ಷ ಅವರು ಉಪ್ಪುಕಾಗದ ಮುಟ್ಟಲಿಲ್ಲ.

ಅಮೆರಿಕಕ್ಕೆ ಬಂದದ್ದು ಮೊದಲೇ ಇಲ್ಲಿ ನೆಲೆಸಿದ್ದ ಅಣ್ಣ ಉದಯಶಂಕರ ಹಾಕಿದ ವೀಸಾ ಅರ್ಜಿಯ ಬಲದಿಂದ. ಆ ಅರ್ಜಿಗೆ ಉತ್ತರ ಬರುವಷ್ಟರಲ್ಲಿ ಹನ್ನೆರಡು ವರ್ಷ ಕಳೆದಿತ್ತು, ದಾಕ್ಷಾಯಣಿಯವರ ಮಗಳು ದಿಯಾ ಎಂಟನೇ ಕ್ಲಾಸಿನಲ್ಲಿದ್ದಳು. ೨೦೦೧ರಲ್ಲಿ ಮೂವರೂ ಬಂದಿಳಿದರು. ಗಂಡ ಸತ್ಯಪ್ರಕಾಶ ಇಂಡಿಯನ್ ಅಂಗಡಿಯೊಂದರಲ್ಲಿ ಬೇಳೆ ಅಕ್ಕಿ ಜೋಡಿಸುವ ಕೆಲಸಕ್ಕೆ ಸೇರಿದರು. ಇಂಗ್ಲಿಷ್ ಬಾರದ ಇವರನ್ನು ಪಕ್ಕದ ಅಪಾರ್ಟ್‌ಮೆಂಟಿನ ಮೆಕ್ಸಿಕನ್ ಹೆಂಗಸೊಬ್ಬರು ರೂಬೆನ್ ಹತ್ತಿರ ಕರೆತಂದರು. ಹಾಗಾಗಿ ಇವರು ಇಂಗ್ಲಿಷಿಗಿಂತ ಮೊದಲು ಸ್ಪ್ಯಾನಿಷ್ ಕಲಿತರು. ‘ದೆಸ್ಪಾಸಿಯೊ’ ಎಂದರೆ ನಿಧಾನ. ಅದು ಅವರು ಕಲಿತ ಮೊದಲ ಮಾತು, ಯಜಮಾನರು ದಿನಕ್ಕೆ ಹತ್ತು ಸಲ ಹೇಳುವ ಮಾತು.

ದಿನಕ್ಕೆ ನಾಲ್ಕು ಕಾರು, ವಾರಕ್ಕೆ ಆರು ದಿನ. ಒಂದು ಕಾರಿಗೆ ಒಂಬತ್ತು ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಕಾರಿಗೆ ಮುಟ್ಟಿಸುವಂತಿಲ್ಲ, ಒಂದು ಮರಳಿನ ಕಣ ಸಾಕು ಗೀರು ಬೀಳಲು. ಮೂರು ವರ್ಷದಲ್ಲಿ ಸುಮಾರು ಮೂರೂವರೆ ಸಾವಿರ ಕಾರುಗಳು ಇವರ ಕೈಯಿಂದ ಹೊಳೆದು ಹೋಗಿವೆ. ಅವುಗಳಲ್ಲಿ ಒಂದಷ್ಟು ನಮ್ಮ ಕನ್ನಡದವರವೇ. ಸಂಘದ ಯುಗಾದಿ ಊಟದಲ್ಲಿ ಪಕ್ಕದಲ್ಲೇ ಕೂತು ಒಬ್ಬಟ್ಟು ತಿಂದರೂ ಇವರೇ ತಮ್ಮ ಕಾರಿನ ಮೈ ತಿಕ್ಕಿದವರು ಎಂದು ಅವರಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಯಂತ್ರ ಕಲಿಯಲು ರೂಬೆನ್ ಒಂದು ವಾರ ಕೊಟ್ಟಿದ್ದರು. ಗ್ಯಾರೇಜಿನಿಂದ ತಂದ ಗುಜರಿ ಬಾನೆಟ್ಟೊಂದನ್ನು ಎರಡು ಡ್ರಮ್ಮುಗಳ ಮೇಲೆ ಇಟ್ಟು ಅಭ್ಯಾಸ. ಮೊದಲ ದಿನವೇ ದಾಕ್ಷಾಯಣಿ ತಪ್ಪು ಮಾಡಿದರು. ಆ ತಪ್ಪನ್ನು ಮೈಸೂರಿನ ಪಾಲಿಶ್ ಮನೆಯವರು ಬಿಟ್ಟು ಇನ್ಯಾರೂ ಮಾಡುತ್ತಿರಲಿಲ್ಲ. ಅರಗು ಸವೆಯುವುದು ಮೊದಲು ಅಂಚಿನಲ್ಲಿ, ಆದ್ದರಿಂದ ಅಂಚಿಗೆ ಎರಡು ಕೈ ಹೆಚ್ಚು ಹಾಕಬೇಕು ಎಂದು ಅಪ್ಪ ಕಲಿಸಿದ್ದರು. ಇವರೂ ಯಂತ್ರವನ್ನು ಅಂಚಿಗೆ ತಂದು ಒತ್ತಿ ಹಿಡಿದರು. ಹೊಗೆ, ಸುಟ್ಟ ವಾಸನೆ, ಕಪ್ಪು ಬಣ್ಣದ ಕೆಳಗಿನ ಬೂದು ಬಣ್ಣ.

“ಮೂಳೆ ಕಂಡಂಗಾಯ್ತು ನಂಗೆ. ನಮ್ಮ ಕಡೆ ಪಾಲಿಶ್ ಹಾಕ್ತೀವಿ ಅಲ್ವಾ, ಒಂದರ ಮೇಲೊಂದು. ಎಷ್ಟು ಹಾಕಿದ್ರೆ ಅಷ್ಟು ಒಳ್ಳೇದು. ಇಲ್ಲಿ ನೋಡಿದ್ರೆ ಪಾಲಿಶ್ ಅಂದ್ರೆ ತೆಗೆಯೋದು. ಗೀರಿರೋ ಜಾಗದ ಸುತ್ತಲ ಬಣ್ಣಾನೇ ತೆಗೆದು ಸಮ ಮಾಡೋದು. ಆನೆ ದಂತ ತೆಗೆದೆನಲ್ಲ, ಅದೇ ಕೆಲಸ. ಅವತ್ತು ತಪ್ಪಾಗಿ ಮಾಡಿದ್ದನ್ನ ಈಗ ಬೇಕಂತ ಮಾಡಬೇಕು.”

ಕಾರಿನ ಬಣ್ಣದ ಮೇಲೆ ಬಣ್ಣವಿಲ್ಲದ ಒಂದು ಪದರವಿರುತ್ತದೆ. ಹೊಳಪೆಲ್ಲ ಅದರದೇ. ದಪ್ಪ ಮಾತ್ರ ಒಂದು ಹಾಳೆ ಕಾಗದಕ್ಕಿಂತ ಕಡಿಮೆ. ಅಂಚಿನಲ್ಲಿ ಇನ್ನೂ ತೆಳು. ಒಮ್ಮೆ ಹೋದರೆ ಪೂರ್ತಿ ಬಾನೆಟ್ಟಿಗೇ ಹೊಸ ಬಣ್ಣ ಹೊಡೆಸಬೇಕು. ಇದನ್ನು ತಿಳಿದ ಮೇಲೆ ದಾಕ್ಷಾಯಣಿಯವರಿಗೆ ನಿದ್ದೆ ಸರಿಯಾಗಿ ಬಂದಿಲ್ಲ.

ಇವತ್ತಿನ ಕಾರಿನ ಯಜಮಾನ ಮೋಹನರಾಜ, ಮೈಸೂರಿನವರೇ. ಜುಲೈನಲ್ಲಿ ಕಾರು ಕೊಂಡು ದೇವಸ್ಥಾನದಲ್ಲಿ ಪೂಜೆ ಮಾಡಿಸಿದರು. ಊರಿಂದ ಬಂದಿದ್ದ ಅವರ ತಾಯಿ ಕಾಯಿನೀರಲ್ಲಿ ಕುಂಕುಮ ಕಲಸಿ ಬಾನೆಟ್ಟಿನ ನಡುಮಧ್ಯೆ ಅಂಗೈಯಗಲ ‘ಶ್ರೀ’ ಬರೆದರು, ತಾನಾಗಿ ಹೋಗುವವರೆಗೆ ತೊಳೆಯಬೇಡ ಎಂದೂ ಹೇಳಿದರು. ಮಗ ತೊಳೆಯಲಿಲ್ಲ. ಟೆಕ್ಸಸ್ಸಿನ ಬಿಸಿಲು ಮೂರು ತಿಂಗಳು ಅದನ್ನು ಬೇಯಿಸಿ ಮೇಲ್ಪದರದೊಳಕ್ಕೆ ಇಳಿಸಿತು. ತಾಯಿ ವಿಮಾನ ಹತ್ತಿದ ಮರುದಿನ ಮಗರಾಯ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ತಂದು ಗಸಗಸ ಉಜ್ಜಿಬಿಟ್ಟರು. ಈಗ ಬಾನೆಟ್ಟಿನ ಮೇಲೆ ತಟ್ಟೆಯಗಲದ ಮಂಕು ಕಲೆ, ಅದರೊಳಗೆ ಒಂದಿಷ್ಟೂ ಅಲುಗದ ಶ್ರೀ.

ಏಳೂವರೆಗೆ ದಾಕ್ಷಾಯಣಿ ಯಂತ್ರ ಎತ್ತಿಕೊಳ್ಳುತ್ತಾರೆ. ವೈರು ಬಣ್ಣಕ್ಕೆ ತಾಗದಂತೆ ಹೆಗಲ ಮೇಲೆ ಹಾಕಿಕೊಳ್ಳುತ್ತಾರೆ. ಸ್ಪಂಜಿನ ಮೇಲೆ ನಾಲ್ಕು ಹನಿ ಪಾಲಿಶ್. ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಗುಂಡಿ ಒತ್ತುತ್ತಾರೆ. ಗುಂಯ್ ಎಂದು ಶೆಡ್ಡೆಲ್ಲ ತುಂಬುವ ಸದ್ದಿಗೆ ನಾನು ಎರಡು ಹೆಜ್ಜೆ ಹಿಂದೆ ಹೋಗುತ್ತೇನೆ. ಯಂತ್ರ ಹಗ್ಗ ಕಟ್ಟಿದ ಕರುವಿನ ಹಾಗೆ ಎಡಕ್ಕೆ ಎಳೆಯುತ್ತದೆ. ಅವರು ಸೊಂಟದಿಂದ ತಡೆದು ಹಿಡಿಯುತ್ತಾರೆ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಒಂದು ಕಡೆಯೂ ನಿಲ್ಲಿಸದೆ. ಎರಡು ಸಲ ಓಡಿಸಿ ಆರಿಸುತ್ತಾರೆ. ಕೈಯ ಹಿಂಭಾಗವನ್ನು ಬಾನೆಟ್ಟಿಗೆ ತಾಗಿಸಿ ಬಿಸಿ ನೋಡುತ್ತಾರೆ. ಮಗುವಿಗೆ ಜ್ವರ ನೋಡುವವರು ಹಾಗೆ ಮುಟ್ಟುತ್ತಾರೆ. ಆರುವವರೆಗೆ ಕಾಯುತ್ತಾರೆ. ಮತ್ತೆ ಗುಂಡಿ.

ಒಂದು ಸಲ ಅವರ ಕೈ ತಾನಾಗಿ ಅಂಚಿನ ಕಡೆ ಹೊರಟಿತು. ನಾನು ನೋಡಿದೆ. ಟೇಪಿನಿಂದ ಎರಡು ಬೆರಳು ದೂರದಲ್ಲಿ ಯಂತ್ರ ನಿಂತುಹೋಯಿತು. ಅವರ ಮುಖದಲ್ಲಿ ಬಣ್ಣ ಇರಲಿಲ್ಲ. ಹಾಗೇ ಗೋಡೆಗೆ ಒರಗಿ ನೀರು ಕುಡಿದರು, ಐದು ನಿಮಿಷ ಮಾತಾಡಿಸಬೇಡಿ ಎಂದರು.

ಒಂಬತ್ತು ಗಂಟೆಗೆ ಕಾರನ್ನು ಬಿಸಿಲಿಗೆ ತಳ್ಳುತ್ತಾರೆ. ಸ್ಕ್ರಬ್ಬರಿನ ಮಂಕು ಪೂರ್ತಿ ಮಾಯ. ಆಕಾಶ, ವಿದ್ಯುತ್ ಕಂಬ, ಅದರ ಮೇಲೆ ಕೂತ ಹಕ್ಕಿ ಎಲ್ಲವೂ ಬಾನೆಟ್ಟಿನಲ್ಲಿ ಕಾಣುತ್ತವೆ. ನೇರ ನೋಡಿದರೆ ಶ್ರೀ ಇಲ್ಲ. ಓರೆಯಾಗಿ ಬಗ್ಗಿ ನೋಡಿದರೆ ತೀರಾ ನವಿರಾಗಿ ಇನ್ನೂ ಇದೆ. ದಾಕ್ಷಾಯಣಿ ಬಹಳ ಹೊತ್ತು ಅದರ ಮೇಲೆ ಬೆರಳಾಡಿಸುತ್ತಾರೆ. ಆಮೇಲೆ ಯಂತ್ರವನ್ನು ಬೆಂಚಿನ ಮೇಲಿಟ್ಟು, ಮೇಣದ ಡಬ್ಬಿ ತೆರೆಯುತ್ತಾರೆ. ಮೇಣ ಕೈಯಲ್ಲೇ. ಇದು ಹಾಕುವ ಕೆಲಸ, ಇದರಲ್ಲಿ ಅವರ ಕೈ ನಡುಗುವುದಿಲ್ಲ.

ಮೋಹನರಾಜ ಹತ್ತಕ್ಕೆ ಬರುತ್ತಾರೆ. ಮೊದಲು ಮುಖ ಅರಳುತ್ತದೆ, ಬಗ್ಗಿ ನೋಡಿದ ಮೇಲೆ ಸಣ್ಣಗಾಗುತ್ತದೆ.

“ಇನ್ನೂ ಕಾಣ್ತಾ ಇದೆಯಲ್ಲ ಆಂಟಿ. ಇನ್ನೊಂದೇ ಒಂದು ಕೋಟ್ ಪಾಲಿಶ್ ಹಾಕ್ಬಿಡಿ, ಹೋಗ್ಬಿಡತ್ತೆ.”

“ಹಾಕೋದಲ್ಲಪ್ಪ ಇದು, ತೆಗೆಯೋದು. ಇನ್ನು ಅಲ್ಲಿ ತೆಗೆಯೋಕೆ ಏನೂ ಇಲ್ಲ. ಇನ್ನೊಂದು ಸಲ ಇಟ್ರೆ ಶ್ರೀನೂ ಹೋಗತ್ತೆ, ಬಣ್ಣಾನೂ ಹೋಗತ್ತೆ.”

ಮೋಹನರಾಜರಿಗೆ ಇದು ಸೋಮಾರಿತನದ ನೆಪ ಎನಿಸಿರಬೇಕು. ಆಫೀಸಿನಿಂದ ಈಚೆ ಬಂದ ರೂಬೆನ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ದೂರು ಶುರುಮಾಡುತ್ತಾರೆ: ಕೆಲಸ ಅರ್ಧ ಮಾಡಿ ನಿಲ್ಲಿಸಿದ್ದಾರೆ, ಮುಗಿಸಲು ಹೇಳಿ. ದಾಕ್ಷಾಯಣಿಯವರಿಗೆ ಆ ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ ಧಾಟಿ ತಿಳಿಯುತ್ತದೆ. ಮುಂಬಾಗಿಲಿನ ಬಿಸಿಲ ಕಡೆ ಅವರು ಒಮ್ಮೆ ನೋಡಿದ್ದನ್ನು ನಾನು ಕಂಡೆ. ಯಂತ್ರ ಮತ್ತೆ ಎತ್ತಿಕೊಂಡು, ಆದದ್ದಾಗಲಿ ಎಂದು ಇನ್ನೊಂದು ಸಲ ಓಡಿಸಿದ್ದರೆ ಗಿರಾಕಿಯ ಮಾತು ನಡೆಸಿದ ಹಾಗಾಗುತ್ತಿತ್ತು, ಯಾರೂ ಇವರನ್ನು ದೂರುತ್ತಿರಲಿಲ್ಲ. ರೂಬೆನ್ ಏನು ಮಾಡೋಣ ಎಂಬಂತೆ ಇವರ ಮುಖ ನೋಡುತ್ತಾರೆ. ಇವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬೇಡವೆಂದು ತಲೆ ಅಲ್ಲಾಡಿಸುತ್ತಾರೆ.

ರೂಬೆನ್ ಬಂದು ಬಾನೆಟ್ಟಿನ ಹತ್ತಿರ ಕುಕ್ಕರಗಾಲಲ್ಲಿ ಕೂರುತ್ತಾರೆ. ಒಂದು ಕಣ್ಣು ಮುಚ್ಚಿ ಓರೆ ಬೆಳಕಿನಲ್ಲಿ ನೋಡುತ್ತಾರೆ. ಉಗುರಿನಿಂದ ಅಲ್ಲ, ಬೆರಳಿನ ಮೆತ್ತನೆಯ ಭಾಗದಿಂದ ಒಂದು ಸಲ ಸವರುತ್ತಾರೆ. ಎದ್ದು ನಿಂತು ಮೋಹನರಾಜರಿಗೆ ಹೇಳಿದ್ದು ಇಷ್ಟೇ: ಯಂತ್ರ ಹಿಡಿದವರು ಆಕೆ, ಆಕೆ ಮುಗಿಯಿತು ಎಂದರೆ ಮುಗಿಯಿತು, ಹೂಸ್ಟನ್ನಿಗೆ ಹೋದವನಾಗಿದ್ದರೆ ಈಗ ಇಲ್ಲಿ ತೂತಿರುತ್ತಿತ್ತು. ಮೋಹನರಾಜ ಮುಖ ಗಂಟು ಹಾಕಿಕೊಂಡೇ ಕಾರು ತೆಗೆದುಕೊಂಡು ಹೊರಡುತ್ತಾರೆ. ಥ್ಯಾಂಕ್ಸ್ ಹೇಳುವುದಿಲ್ಲ.

ಮಧ್ಯಾಹ್ನಕ್ಕೆ ಇನ್ನೊಂದು ಕಾರು, ಬಿಳಿಯದು. ಅದರ ಬೀಗದ ಕೈಯನ್ನು ರೂಬೆನ್ ಬೆಂಚಿನ ಮೇಲೆ, ಯಂತ್ರದ ಪಕ್ಕದಲ್ಲಿ ಇಟ್ಟು ಹೋಗುತ್ತಾರೆ. ಅದನ್ನು ನೋಡಿದ ಮೇಲೆಯೇ ದಾಕ್ಷಾಯಣಿಯವರು ಚಿತ್ರಾನ್ನದ ಡಬ್ಬಿ ಬಿಚ್ಚಿದ್ದು. ಮೂರು ತುತ್ತು ತಿಂದ ಮೇಲೆ ಕಣ್ಣು ಒರೆಸಿಕೊಂಡರು, ಮೆಣಸಿನಕಾಯಿ ಎಂದರು. ಇನ್ನು ಮುಂದೆ ಏನಾಗಬೇಕೆಂದು ಆಸೆ ಎಂದು ನಾನು ಕೇಳುತ್ತೇನೆ. ನಾಳೆಯಿಂದ ಧೈರ್ಯ ಬರಲಿ ಎಂದು ಹಾರೈಸುತ್ತೇನೆ ಅಂತಲೂ ಸೇರಿಸುತ್ತೇನೆ. ಅವರು ಚಮಚ ಕೆಳಗಿಡುತ್ತಾರೆ.

“ಬೇಡ, ಹಂಗೆ ಹಾರೈಸ್ಬೇಡಿ. ಇವತ್ತು ಎಷ್ಟು ಭಯ ಇತ್ತೋ ಅಷ್ಟು ದಿನಾಲೂ ಇರಲಿ. ಬೆಳಿಗ್ಗೆ ‘ಸಾಕು, ನಿಲ್ಸು’ ಅಂತ ಹೇಳಿದ್ದು ನಾನಲ್ಲ, ಆ ಭಯ.”