ಅರ್ಧ ರಿಮೋಟು

ವಿಡಿಯೋ ಗೇಮಿನ ಹುಚ್ಚು ಇದೆ ಎಂದ ಕೂಡಲೇ ಮಂದಿ ನನ್ನನ್ನು ಭಾರೀ ಆಟಗಾರ ಅಂದುಕೊಳ್ಳುತ್ತಾರೆ. ಹುಚ್ಚು ಇದೆ, ಖರೆ. ಕೈ ಇಲ್ಲ. ಸಿಂದಗಿಯಲ್ಲಿ ಕಚೇರಿಗಳ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ. ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ಬಣ್ಣದ ಗುಳಿಗೆ ಒಡೆಯುತ್ತ ಕೂಡುತ್ತೇನೆ. ಮನೆಯಲ್ಲಿ ಟೀವಿಗೆ ಜೋಡಿಸಿದ ಒಂದು ಸೆಕೆಂಡ್ ಹ್ಯಾಂಡ್ ಗೇಮ್ ಪೆಟ್ಟಿಗೆ ಇದೆ. ಅದರಲ್ಲಿ ಕುದುರೆ ಏರಿ ಗುಡ್ಡ ಹತ್ತಬಹುದು, ಮಳೆ ಬಂದರೆ ಕುದುರೆಯ ಮೈ ಒದ್ದೆಯಾಗುತ್ತದೆ, ಹುಲ್ಲಿನ ಗರಿಗಳು ಒಂದೊಂದೂ ಬೇರೆ ಬೇರೆಯಾಗಿ ಅಲ್ಲಾಡುತ್ತವೆ. ಮೊದಲ ಸಲ ನಾನು ವೈರಿಯನ್ನು ಮರೆತು ಆ ಹುಲ್ಲನ್ನೇ ನೋಡುತ್ತ ನಿಂತೆ. ಅವನು ಹಿಂದಿನಿಂದ ಬಂದು ಕಡಿದು ಹೋದ.

ಕಾರಿನ ಆಟದಲ್ಲಂತೂ ನನ್ನ ಗತಿ ಕೇಳಲೇಬಾರದು. ಹೆಂಡತಿ ಚಹಾ ಹಿಡಿದುಕೊಂಡು ಬಂದು ಹಿಂದೆ ನಿಂತು ನೋಡಿ ನಗುತ್ತಾಳೆ. "ಆಟದಾಗೂ ಕೆಂಪ ದೀಪಕ್ಕ ನಿಲ್ತೀರಲ್ರಿ! ಉಳದವರು ಆಗ್ಲೇ ಗೆದ್ದ ಮನೀಗಿ ಹೋಗ್ಯಾರ." ನಾನೇನು ಮಾಡಲಿ, ಕೆಂಪು ದೀಪ ಕಂಡರೆ ಬೆರಳು ತಾನಾಗಿ ಬ್ರೇಕ್ ಒತ್ತುತ್ತದೆ. ಸೋಲುತ್ತೇನೆ, ಬೈದುಕೊಳ್ಳುತ್ತೇನೆ, ಮತ್ತೆ ಆಡುತ್ತೇನೆ. ನನ್ನಂಥವರಿಗೆ ಆಟ ಅಂದರೆ ಇಷ್ಟೇ.

ನಮ್ಮ ಮನೆಯಲ್ಲಿ ಆಟ ಬರುತ್ತಿದ್ದದ್ದು ಅಕ್ಕನಿಗೆ.

ನಾವು ಸಣ್ಣವರಿದ್ದಾಗ ಸೋದರಮಾವ ಸೊಲ್ಲಾಪುರದಿಂದ ಒಂದು ಟೀವಿ ಗೇಮ್ ತಂದಿದ್ದ. ಹಳದಿ ಕ್ಯಾಸೆಟ್ಟು. ಅದನ್ನು ಊದಿ ಊದಿ ತುರುಕಬೇಕು, ಆದರೂ ಹತ್ತದಿದ್ದರೆ ತೆಗೆದು ಮತ್ತೆ ಊದಬೇಕು. ಆಡುವ ಹಿಡಿಕೆಗೆ ನಾವು ರಿಮೋಟು ಅನ್ನುತ್ತಿದ್ದೆವು. ಎಡಗಡೆ ದಿಕ್ಕಿನ ಗುಂಡಿ, ಬಲಗಡೆ ಜಿಗಿಯುವ ಗುಂಡಿ. ಪರದೆಯ ಮೇಲೆ ಒಬ್ಬ ಗಿಡ್ಡ ಮನುಷ್ಯ ಓಡುತ್ತಾನೆ, ಜಿಗಿಯುತ್ತಾನೆ, ಬೀಳುತ್ತಾನೆ. ಸತ್ತರೆ ಕೈ ಬದಲು, ಇದು ನಮ್ಮಿಬ್ಬರ ಕಾನೂನು. ನಾನು ಎಷ್ಟು ಬೇಗ ಸಾಯುತ್ತಿದ್ದೆನೆಂದರೆ ನನ್ನ ಪಾಳಿ ಯಾವಾಗ ಬಂತು, ಯಾವಾಗ ಹೋಯಿತು ಎಂದು ನನಗೇ ತಿಳಿಯುತ್ತಿರಲಿಲ್ಲ.

ಆ ಆಟದಲ್ಲಿ ಒಂದು ಬೆಂಕಿಯ ಹೊಂಡ ಬರುತ್ತಿತ್ತು. ಅಂಚಿನ ತನಕ ಓಡಿ, ಇನ್ನೇನು ಬಿದ್ದ ಅನ್ನುವಾಗ ಜಿಗಿಯಬೇಕು. ನಾನು ಮೊದಲೇ ಜಿಗಿದು ನಡುವೆ ಬೀಳುತ್ತಿದ್ದೆ, ಇಲ್ಲವೇ ಜಿಗಿಯುವುದನ್ನೇ ಮರೆಯುತ್ತಿದ್ದೆ. ಹೊಂಡ ಕಂಡ ಕೂಡಲೇ ಆಟ ನಿಲ್ಲಿಸಿ ಅಡುಗೆಮನೆಯ ಕಡೆ ಕೂಗು ಹಾಕುವುದು ರೂಢಿಯಾಗಿಬಿಟ್ಟಿತ್ತು.

"ಅಕ್ಕಾ, ಇದೊಂದು ದಾಟಿಸಿ ಕೊಡ!"

ಅಕ್ಕ ಆಗಷ್ಟೇ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದಳು. "ಪ್ರತಿ ಸಲ ನಾನ ದಾಟಿಸ್ಬೇಕೇನೋ? ನಿನಗ ಕೈ ಇಲ್ಲೇನ?" ಎಂದು ತಲೆಗೊಂದು ಮೊಟಕಿ, ನಿಂತುಕೊಂಡೇ ಹೊಂಡ ದಾಟಿಸಿ, ರಿಮೋಟು ನನ್ನ ತೊಡೆಯ ಮೇಲೆ ಒಗೆದು ಹೋಗುತ್ತಿದ್ದಳು. ಒಳಗಿನಿಂದ ಅವ್ವನ ಬೈಗುಳ. "ಹಂಚ ಕಾದ ಹೊಗಿ ಆಡಾಕತ್ತೈತಿ, ಇಕಿ ಅಲ್ಲಿ ಟೀವಿ ಮುಂದ ಕುಣ್ಯಾಕತ್ತಾಳ! ನಾಳಿ ಕೊಟ್ಟ ಮನ್ಯಾಗ ನನಗ ಬೈಸಾಕಿ ಇದ್ದಿ ನೀ." ಕೊಟ್ಟ ಮನೆಯಲ್ಲಿ ಯಾರೂ ಬೈಯಲಿಲ್ಲ. ಅಕ್ಕನನ್ನು ನಿಡಗುಂದಿಗೆ ಕೊಟ್ಟೆವು. ಅವಳ ರೊಟ್ಟಿ ಎಷ್ಟು ತೆಳುವೆಂದರೆ ಅವಳ ಗಂಡ, ನಾನು ಮಾಮಾ ಅನ್ನುವವರು, ಬಂದವರಿಗೆಲ್ಲ ಅದನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. ಗಂಡಂದಿರು ಹೆಂಡಂದಿರನ್ನು ಹೊಗಳುವ ಪದ್ಧತಿ ನಮ್ಮ ಕಡೆ ಅಷ್ಟಾಗಿ ಇಲ್ಲ. ಮಾಮಾ ರೊಟ್ಟಿಯನ್ನು ಹೊಗಳುತ್ತಿದ್ದರು.

ಹೋದ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಅಕ್ಕನಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಅಂಗಳ ಗುಡಿಸುವಾಗ ಕೈಯಿಂದ ಕಸಬರಿಗೆ ಜಾರಿತು, ಬಾಯಿ ಸೊಟ್ಟಗಾಯಿತು. ಓಣಿಯ ಹೆಂಗಸರು ಗಾಳಿ ಸೋಕಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. "ಲಕ್ವಾ ಆದವರಿಗಿ ಸೂಜಿ ಮಾಡ್ಸಬಾರ್ದು, ಮಾಡ್ಸಿದ್ರ ಕೈ ಪೂರಾ ಹೋಗ್ತೈತಿ" ಎಂದು ಹಿರಿಯರೊಬ್ಬರು ಹೇಳಿದರು. ನಮ್ಮ ಕಡೆ ಈ ಮಾತನ್ನು ಎಲ್ಲರೂ ಹೇಳುತ್ತಾರೆ, ಎಲ್ಲರೂ ನಂಬುತ್ತಾರೆ. ಹಾಗಾಗಿ ಮಾಮಾ ಅವಳನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಎಣ್ಣೆ ತಿಕ್ಕಿ ಬೇರು ಕಟ್ಟುವ ಒಬ್ಬರ ಹತ್ತಿರ ಓಡಿದರು. ಅಲ್ಲಿ ಪಾಳಿ. ಪಾಳಿ ಮುಗಿಸಿ, ಎಣ್ಣೆ ತಿಕ್ಕಿಸಿ, ಏನೂ ಆಗದ್ದನ್ನು ಕಂಡು ವಿಜಯಪುರದ ದವಾಖಾನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ನಾನು ಸಿಂದಗಿಯಿಂದ ನೇರ ಅಲ್ಲಿಗೇ ಹೋದೆ. ಡಾಕ್ಟರು ಕನ್ನಡಕ ತೆಗೆದು ಹೇಳಿದ್ದು ಒಂದೇ ಮಾತು: "ಮೊದ್ಲಿಗೇ ಇಲ್ಲಿಗಿ ಕರ್ಕೊಂಡ್ ಬರ್ಬೇಕಿತ್ರಿ."

ನನಗೆ ಸಿಟ್ಟು ಬಂತು. ಈಗಲೂ ಬರುತ್ತದೆ. ಯಾರ ಮೇಲೆ ಮಾಡಲಿ? ಮಾಮಾ ದವಾಖಾನೆಯ ಮೆಟ್ಟಿಲ ಮೇಲೆ ಟವೆಲ್ಲು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಅವರು ಪ್ರಾಣ ಉಳಿಸಲೆಂದೇ ಓಡಿದ್ದರು. ಓಡಿದ ದಿಕ್ಕು ಬೇರೆಯಾಯಿತು, ಅಷ್ಟೇ.

ಅಕ್ಕನ ಮಾತು ಬಂತು, ಕಾಲು ಎಳೆದುಕೊಂಡು ನಡೆಯುವಷ್ಟು ಬಂತು. ಬಲಗೈ ಮಾತ್ರ ಬರಲಿಲ್ಲ. ಬೆರಳು ಆಡಿಸುತ್ತಿರಬೇಕು, ಕೈಗೆ ಏನಾದರೂ ಕೆಲಸ ಕೊಡುತ್ತಿರಬೇಕು ಎಂದು ದವಾಖಾನೆಯವರು ಹೇಳಿ ಕಳಿಸಿದರು. ಅವಳ ಮಗಳು ಬಂದು ಸ್ವಲ್ಪ ದಿನ ಇದ್ದು ಗಂಡನ ಮನೆಗೆ ಹೋದಳು. ಮಾಮಾ ಅನ್ನ ಸಾರು ಮಾಡುವುದನ್ನು ಕಲಿತರು. ರೊಟ್ಟಿಯನ್ನು ಮಾತ್ರ ಊರಿನ ರೊಟ್ಟಿ ಕೇಂದ್ರದಿಂದ ಪೊಟ್ಟಣ ಕಟ್ಟಿಸಿಕೊಂಡು ತರತೊಡಗಿದರು. ಅಕ್ಕ ಕಾಯಿಲೆಗೆ ಅತ್ತದ್ದನ್ನು ನಾನು ನೋಡಲಿಲ್ಲ. ಆ ಪೊಟ್ಟಣಕ್ಕೆ ಅತ್ತಳು. "ನನ್ನ ಮನ್ಯಾಗ ಕೊಂಡ ರೊಟ್ಟಿ ಬಂತಲ್ಲೋ ತಮ್ಮಾ. ಒಂದ ರೊಟ್ಟಿ, ಒಂದ ಬಡಿಯೂವಷ್ಟು ಕೈ ಬಂದ್ರ ಸಾಕು ನನಗ. ಮತ್ತೇನೂ ಕೇಳಾಂಗಿಲ್ಲ ದೇವರಿಗಿ."

ಮಾತನಾಡಿಸಲು ಬಂದವರೆಲ್ಲ ಒಂದೊಂದು ಉಪಾಯ ತಂದರು. ಮುದ್ದೇಬಿಹಾಳದ ಬೀಗರು ಪಾರಿವಾಳದ ರಕ್ತ ತಿಕ್ಕಬೇಕೆಂದರು. ಇಂಡಿ ಊರಿನ ಚಿಗವ್ವ ಬೆಳ್ಳುಳ್ಳಿ ಕುದಿಸಿದ ಹಾಲು ಅಂದಳು. ಅಕ್ಕ ಬೆಳ್ಳುಳ್ಳಿ ಹಾಲು ಕುಡಿದು ಮೂಗು ಮುಚ್ಚಿಕೊಂಡಳು, ಪಾರಿವಾಳ ಮಾತ್ರ ಬೇಡವೇ ಬೇಡ ಎಂದಳು. ನಾನು ಎಲ್ಲರ ಮೇಲೂ ಹಲ್ಲು ಕಡಿಯುತ್ತಿದ್ದೆ. ಆದರೆ ಕೈಲಾಗದವನು ಮೈ ಪರಚಿಕೊಂಡ ಅನ್ನುತ್ತಾರಲ್ಲ, ನಾನೂ ಸುಮ್ಮನೆ ಕೂಡಲಿಲ್ಲ. ನನ್ನ ಹತ್ತಿರ ಇದ್ದದ್ದು ಗೇಮು. ಗೇಮ್ ಒಯ್ದೆ.

ಮೊದಲು ಕುದುರೆ ಇರುವ ಹೊಸ ಪೆಟ್ಟಿಗೆ. ಬೆರಳಿಗೆ ಇದಕ್ಕಿಂತ ದೊಡ್ಡ ವ್ಯಾಯಾಮ ಯಾವುದಿದೆ ಎಂದು ನಾನೇ ಡಾಕ್ಟರನಂತೆ ಭಾಷಣ ಮಾಡಿದೆ. ಈಗಿನ ಆಟಗಳಲ್ಲಿ ಒಂದು ಹೆಬ್ಬೆರಳು ನಡೆಸಬೇಕು, ಇನ್ನೊಂದು ಹೆಬ್ಬೆರಳು ಆಟದವನ ಕಣ್ಣು ಬೇಕಾದ ಕಡೆ ತಿರುಗಿಸಬೇಕು. ಅಕ್ಕನ ಎಡಗೈ ನಡೆಸಿತು, ಕಣ್ಣು ತಿರುಗಿಸುವವರು ಯಾರೂ ಇರಲಿಲ್ಲ. ಕುದುರೆ ಸವಾರ ಆಕಾಶ ನೋಡುತ್ತ ನೇರ ಹೋಗಿ ನದಿಯಲ್ಲಿ ಇಳಿದ.

"ಇಂವ ಯಾಕ ಮುಗಲ ನೋಡ್ಕೋತ ನಡದಾನೋ? ಇವಗೂ ನನ್ನಂಗ ಆಗೈತೇನ?" ಎಂದಳು ಅಕ್ಕ. ಇಬ್ಬರೂ ನಕ್ಕೆವು. ಆಮೇಲೆ ಅವಳೇ ಕೇಳಿದಳು: "ನಮ್ಮ ಹಳೇದು ಎಲ್ಲೈತೋ? ಒಗದೇನು?"

ಒಗೆದಿರಲಿಲ್ಲ. ಸಿಂದಗಿಯ ಮನೆಯ ಅಟ್ಟದ ಮೇಲೆ ಟ್ರಂಕಿನಲ್ಲಿತ್ತು. ಅಕ್ಕನ ಹೊಸ ಟೀವಿಗೆ ಅದರ ವೈರು ಹೊಂದುವುದಿಲ್ಲವೆಂದು ಅಟ್ಟದ ಡಬ್ಬಿ ಟೀವಿಯನ್ನೂ ಇಳಿಸಿದೆ. ಬಸ್ಸಿನ ಕಂಡಕ್ಟರು ನನ್ನ ತೊಡೆಯ ಮೇಲಿನ ಟೀವಿ ನೋಡಿ, "ಈ ಡಬ್ಬಿ ಗುಜರಿಯವ್ರೂ ತಗೊಳ್ಳಾಂಗಿಲ್ಲಲ್ರಿ, ಎಲ್ಲಿಗಿ ಒಯ್ಯಾಕತ್ತೀರಿ?" ಎಂದ. ಅಕ್ಕನಿಗೆ ಔಷಧ ಎಂದೆ. ಅವನು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಬಸವನ ಬಾಗೇವಾಡಿ ದಾಟುವಷ್ಟರಲ್ಲಿ ಆ ಭಾರಕ್ಕೆ ನನ್ನ ಕಾಲು ಜೋಮು ಹಿಡಿದಿತ್ತು.

ನಿಡಗುಂದಿಯಲ್ಲಿ ಸುತ್ತಿದ್ದ ಬಟ್ಟೆ ಬಿಚ್ಚಿ ರಿಮೋಟು ಒರೆಸುವಾಗ ಕಂಡೆ. ಜಿಗಿಯುವ ಗುಂಡಿಯ ಸುತ್ತಲಿನ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿ ಗಟ್ಟಿಯಾಗಿ ಕೂತಿತ್ತು. ಎಷ್ಟೋ ವರ್ಷದ ಹಿಂದಿನ ಅಕ್ಕನ ಬಲಗೈಯ ಹಿಟ್ಟು. ಕೆರೆದು ತೆಗೆಯಲು ಮನಸ್ಸಾಗಲಿಲ್ಲ.

ಕ್ಯಾಸೆಟ್ಟು ಊದಿ ಹಾಕಿದೆ. ಹಾಡು ಬಂತು, ಗಿಡ್ಡ ಮನುಷ್ಯ ಬಂದ. ಅಕ್ಕ ಎಡಗೈಯಿಂದ ದಿಕ್ಕಿನ ಗುಂಡಿ ಹಿಡಿದಳು. ನಾನು ಅವಳ ಬಲಗೈಯ ಹೆಬ್ಬೆರಳನ್ನು ಎತ್ತಿ ಜಿಗಿಯುವ ಗುಂಡಿಯ ಮೇಲಿಟ್ಟು, ಅದರ ಮೇಲೆ ನನ್ನ ಬೆರಳಿಟ್ಟು ಒತ್ತಿದೆ. ಅವನು ಜಿಗಿದ. "ಅಕ್ಕಾ, ನೋಡ, ಜಿಗಿಸಿದಿ!" ಎಂದು ಕೂಗಿದೆ.

"ಹುಚ್ಚಖೋಡಿ, ಅದು ನಿನ್ನ ಬಳ್ಳು" ಎಂದಳು.

ಹಾಗೆ ಒತ್ತುತ್ತಲೇ ಹೋದರೆ ಒಂದು ದಿನ ಅವಳದೇ ಬೆರಳು ಒತ್ತುತ್ತದೆ ಎಂದು ನಾನು ನಂಬಿದ್ದೆ. ರಜೆ ಸಿಕ್ಕಾಗಲೆಲ್ಲ ಹೋಗುತ್ತಿದ್ದೆ, ಅವಳ ಬೆರಳಿನ ಮೇಲೆ ನನ್ನ ಬೆರಳಿಟ್ಟು ಕೂಡುತ್ತಿದ್ದೆ. ಮಳೆಗಾಲ ಹೋಯಿತು, ಚಳಿ ಬಂದು ಹೋಯಿತು. ಆ ಬೆರಳು ತಣ್ಣಗೆ, ಇಟ್ಟಲ್ಲೇ ಇರುತ್ತಿತ್ತು. ಒಮ್ಮೆ ಅಕ್ಕನೇ ಎಡಗೈಯಿಂದ ಅದನ್ನು ಎತ್ತಿ ತನ್ನ ಉಡಿಯಲ್ಲಿಟ್ಟುಕೊಂಡಳು. "ಅದನ್ನ ತ್ರಾಸ ಕೊಡಬ್ಯಾಡ. ಬಲಕಿಂದು ನೀ ನೋಡ್ಕೊ, ಎಡಕಿಂದು ನಾ ನೋಡ್ಕೊತೇನಿ."

ಅವತ್ತಿನಿಂದ ಅರ್ಧ ರಿಮೋಟು ಅವಳದು, ಅರ್ಧ ನನ್ನದು. ಮಾಮಾ ಬಾಗಿಲಲ್ಲಿ ನಿಂತು, "ಇಬ್ರೂ ಸಣ್ಣ ಹುಡುಗೂರಾದ್ರಿ" ಎಂದು ನಗುತ್ತಿದ್ದರು. ಅಕ್ಕನ ಎಡಗೈ ಓಟವನ್ನು ಮರೆತಿರಲಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಒಂದು ಹೆಜ್ಜೆ ಹಿಂದೆ ಸರಿಯಬೇಕು, ಎಲ್ಲ ಗೊತ್ತಿತ್ತು. ಆದರೆ ಬೆಂಕಿಯ ಹೊಂಡ ಬರುತ್ತಿತ್ತು, ಮತ್ತು ಜಿಗಿಯುವ ಗುಂಡಿ ನನ್ನ ಕೈಯಲ್ಲಿತ್ತು. "ಈಗ! ಜಿಗಿ!" ಎಂದು ಅವಳು ಕೂಗುವಷ್ಟರಲ್ಲಿ ನಾನು ಮೊದಲೇ ಜಿಗಿದಿರುತ್ತಿದ್ದೆ, ಇಲ್ಲವೇ ಕೂಗು ಕೇಳಿದ ಮೇಲೆ ಜಿಗಿದು ಸಾಯುತ್ತಿದ್ದೆ. ಅವಳ ಮೈಯಲ್ಲಿ ಆ ಆಟ ಪೂರ್ತಿ ಇತ್ತು, ಹೊರಗೆ ಬರುವ ದಾರಿ ನನ್ನ ಈ ದರಿದ್ರ ಬೆರಳೊಂದೇ. ಅವಳು ಬೈಯುತ್ತಿರಲಿಲ್ಲ. ಬೈದಿದ್ದರೆ ಚಲೋ ಇತ್ತು.

ವರ್ಷ ತುಂಬುವ ಹೊತ್ತಿಗೆ ಡಾಕ್ಟರು, ಬಂದಷ್ಟು ಬಂದಿದೆ, ಇನ್ನು ಇದ್ದುದರಲ್ಲೇ ಹೊಂದಿಕೊಳ್ಳಿ ಎಂದರಂತೆ. ಮಾಮಾ ಫೋನಿನಲ್ಲಿ ಹೇಳಿದರು. ಆ ಭಾನುವಾರ ನಾನು ಹೋದಾಗ ಮಾಮಾ ಹೊಲಕ್ಕೆ ಕಾಲುವೆಯ ನೀರು ಬಿಡಲು ಹೋಗಿದ್ದರು. ಟೀವಿಯ ಮುಂದೆ ಅಕ್ಕ ಇರಲಿಲ್ಲ. ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದಳು. ಮುಂದೆ ಪರಾತ, ಅದರಲ್ಲಿ ಬಿಸಿನೀರು ಹಾಕಿ ಒಂದೇ ಕೈಯಲ್ಲಿ ನಾದಿದ ಹಿಟ್ಟು. ಒಲೆಯ ಮೇಲೆ ಹಂಚು.

"ಇವತ್ತ ಗೇಮ್ ಬ್ಯಾಡ. ಕೈ ತೊಳ್ಕೊಂಡ ಬಾ, ಇಲ್ಲಿ ಕುಂದ್ರು" ಎಂದಳು.

"ನನಗ ಬರಾಂಗಿಲ್ಲ ಅಕ್ಕಾ."

"ಗೇಮ್ ಬರ್ತೈತೇನ ನಿನಗ? ಆದ್ರೂ ಆಡ್ತೀಯಲ್ಲ. ಬಲಕ ಕುಂದ್ರು. ನೀ ಬಡಿ, ನಾ ತಿರುವತೇನಿ."

ಕೂತೆ. ಅವಳು ಉಂಡೆ ಇಟ್ಟು ಒಣ ಹಿಟ್ಟು ಉದುರಿಸಿದಳು. ನನ್ನ ಬಲಗೈ ಬಡಿಯಿತು, ಅವಳ ಎಡಗೈ ಅಂಚು ಹಿಡಿದು ತಿರುಗಿಸಿತು. "ಮೆತ್ತಗ. ಅದೇನು ನಿನ್ನ ವೈರಿ ಅಲ್ಲ. ನಡು ಬಿಡು, ಅಂಚ ಬಡಿ." ಒಂದು ಕಡೆ ದಪ್ಪ, ಒಂದು ಕಡೆ ತೆಳು, ಆದರೂ ನೋಡನೋಡುತ್ತ ಅಗಲವಾಯಿತು. ಅಕ್ಕನ ಮುಖದ ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಅದು ರೊಟ್ಟಿಯಾಗಿತ್ತು, ಖರೇನ ರೊಟ್ಟಿಯಾಗಿತ್ತು. ಅವಳು ಅದನ್ನೇ ನೋಡುತ್ತ ಕೂತಳು.

ಬಡಿದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕುವುದು ಎರಡು ಅಂಗೈಗಳ ಕೆಲಸ. ಅಕ್ಕ ತನ್ನ ಎಡಗೈ ಮುಂದೆ ಮಾಡಿದಳು, ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗದೆ, ಸಣ್ಣ ದನಿಯಲ್ಲಿ ಹೇಳಿದಳು.

"ತಮ್ಮಾ, ಇದೊಂದು ದಾಟಿಸಿ ಕೊಡ."

ಉಸಿರು ಹಿಡಿದು ಎರಡೂ ಕೈಯಿಂದ ಎತ್ತಿದೆ. ಪರಾತಕ್ಕೂ ಹಂಚಿಗೂ ನಡುವೆ ಅದು ಹರಿದು, ಅರ್ಧ ಒಲೆಯ ಬೆಂಕಿಗೆ ಬಿತ್ತು, ಅರ್ಧ ನನ್ನ ಬೆರಳುಗಳಲ್ಲಿ ಉಳಿಯಿತು.

ಅಕ್ಕ ನನ್ನ ಕೈಯಿಂದ ಆ ಹಿಟ್ಟನ್ನು ಬಿಡಿಸಿಕೊಂಡು, ನೀರು ಹಚ್ಚಿ ಮತ್ತೆ ಉಂಡೆ ಮಾಡಿದಳು. "ಇರ್ಲಿ. ಮತ್ತ ಮೊದ್ಲಿಂದ" ಎಂದಳು. ಮತ್ತೆ ಬಡಿದೆವು. ಮತ್ತೆ ಹರಿಯಿತು. ಹಿಟ್ಟು ಬಿರುಕು ಬಿಡುವ ತನಕ ಬಡಿದೆವು. ಮಾಮಾ ಹೊಲದಿಂದ ಬಂದು, ಕೇಂದ್ರದ ರೊಟ್ಟಿಯ ಪೊಟ್ಟಣ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಹಂಚು ಕಾದು ಹೊಗೆಯಾಡುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ.