ಡೊಂಕು ಗೋಡೆ, ನೆಟ್ಟಗಿನ ನಕ್ಷೆ

ಬೆಲ್ಲದ ಬಾಗೇವಾಡಿಯ ನಮ್ಮ ಹಳೇ ಕಲ್ಲುಮನೆಯನ್ನು ಕೆಡವದೆ ಖಾನಾವಳಿ ಮಾಡಲು ಪರವಾನಗಿ ಬೇಕಿತ್ತು. ಅದಕ್ಕೆ ನಕ್ಷೆ ಬರೆದುಕೊಟ್ಟ ಹುಕ್ಕೇರಿಯ ಎಂಜಿನಿಯರ್ ಸಾಹೇಬರು ಟೇಪು ಮುಟ್ಟುವಂಥ ಸಣ್ಣ ಕೆಲಸ ಮಾಡುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಎತ್ತಿ ಹಿಡಿದರೆ ಅಳತೆ ಮುಗಿಯಿತು. “ಚಿಂತಿ ಬಿಡ್ರಿ, ನಕ್ಷೇದಾಗ ಎಲ್ಲಾ ಬರೋಬರಿ ಐತಿ” ಎನ್ನುತ್ತಿದ್ದರು.

ಪರಿಶೀಲನೆಗೆ ಬಂದ ಅಧಿಕಾರಿ, “ಗ್ವಾಡಿ ಡೊಂಕ ಐತಿ, ನಕ್ಷೇದಾಗ ನೆಟ್ಟಗ ಐತಲ್ರಿ?” ಎಂದರು.

ಸಾಹೇಬರು ಗೋಡೆಯನ್ನೇ ಗದರಿಸುವಂತೆ ನೋಡಿ ನನಗೆ ಹೇಳಿದರು: “ಗ್ವಾಡಿ ತಪ್ಪೈತ್ರಿ. ಬಿಚ್ಚಿ ನೆಟ್ಟಗ ಕಟ್ಟಸ್ರಿ.”

ಗೋಡೆ ಬಿಚ್ಚಿದ್ದೇ ತಡ, ಮಾಳಿಗೆ ಕುಸಿದು ಇಡೀ ಮನೆಯೇ ಹೋಯಿತು. ಹಳೇ ಕಟ್ಟಡವನ್ನು ಇದ್ದ ಹಾಗೇ ಉಳಿಸಬೇಕೆಂಬ ಷರತ್ತಿನೊಂದಿಗೆ ಪರವಾನಗಿ ಮಾತ್ರ ಬಂತು.

“ಮನಿ ಎಲ್ಲೈತ್ರಿ ಸಾಹೇಬ್ರ?” ಎಂದೆ.

ಖಾಲಿ ಜಾಗದತ್ತ ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಎತ್ತಿದರು. “ನಕ್ಷೇದಾಗ ಐತಲ್ರಿ!”