ಬೋಣಿಗೆ ಮುಂಚೆ ಬಂದ ಟ್ರಂಕ್ ಕಾಲ್

ಮೂರು ನಿಮಿಷದ ಒಂದು ಟ್ರಂಕ್ ಕಾಲ್. ಬಿಲ್ಲು ಬಂದದ್ದು ಹೆಚ್ಚೆಂದರೆ ಇಬ್ಬರ ಹೋಟೆಲ್ ಊಟದಷ್ಟು. ಆದರೆ ಅದಕ್ಕೆ ನಿಜವಾದ ಬೆಲೆ ತೆತ್ತವಳು ನಮ್ಮಕ್ಕನ ಮಗಳು ಗಿರಿಜಾ. ಅವಳು ಟೀಚರ್ ಆಗುವುದು ತಪ್ಪಿಹೋಯಿತು. ಯಾಕೆ? ನನ್ನ ಅಂಗಡಿಯಲ್ಲಿ ‘ಇಲ್ಲ’ ಎನ್ನುವ ಮಾತನ್ನು ನಾನೇ ಬಂದ್ ಮಾಡಿಸಿದ್ದೆ.

ತಿಪಟೂರಿನಲ್ಲಿ ನನ್ನದೊಂದು ಕೊಬ್ಬರಿ ಮಂಡಿ ಇದೆ. ಇನ್ನೊಬ್ಬರ ಮಂಡಿಯಲ್ಲಿ ಮೂಟೆ ಹೊತ್ತು ಮೇಲೆ ಬಂದವನು ನಾನು. (ಇದನ್ನು ಎಷ್ಟು ಸಲ ಹೇಳ್ತೀರಿ ಅನ್ನಬೇಡಿ. ಹೊತ್ತವನಿಗೆ ಗೊತ್ತು.)

ನಮ್ಮ ಕಡೆ ಒಂದು ಪದ್ಧತಿ. ಮನೆಯಲ್ಲಿ ಅಕ್ಕಿ ತೀರಿದರೆ ‘ತೀರಿತು’ ಅನ್ನುವುದಿಲ್ಲ, ‘ತುಂಬಿದೆ’ ಅನ್ನುತ್ತಾರೆ. ಹೊರಟವನು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬತ್ತೀನಿ’ ಅನ್ನುತ್ತಾನೆ. ಇದನ್ನೇ ನಾನು ಅಂಗಡಿಗೂ ತಂದೆ. ಬೋಣಿ, ಅಂದರೆ ದಿನದ ಮೊದಲ ವ್ಯಾಪಾರ, ಆಗುವ ತನಕ ಯಾರ ಬಾಯಲ್ಲೂ ‘ಇಲ್ಲ’, ‘ಆಗಲ್ಲ’ ಬರಕೂಡದು. ಇದಕ್ಕೆ ನನ್ನದೇ ಇನ್ನೊಂದು ಬಾಲಂಗೋಚಿ: ಕೆಲಸಕ್ಕೆ ಕಳಿಸಿದವನು ವಾಪಸ್ ಬಂದು ಕತೆ ಹೇಳಬಾರದು. ಆಯ್ತೋ ಇಲ್ಲವೋ, ಒಂದೇ ಮಾತು. ಎಷ್ಟು ಟೈಮು ಉಳಿಯುತ್ತೆ ಅಂತ ಬೇರೆ ಮಂಡಿಯವರಿಗೂ ಬುದ್ಧಿ ಹೇಳುತ್ತಿದ್ದೆ.

ಗಿರಿಜಾ ಬಿಳಿಗೆರೆಯವಳು. ಓದಿನಲ್ಲಿ ಚುರುಕು. ತುಮಕೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಿದ್ದಳು. ನಮ್ಮ ಭಾವನದು ಒಂದೇ ಹಟ: “ಈ ವರ್ಷ ಸೀಟು ಸಿಕ್ಕಿದ್ರೆ ಓದ್ಲಿ. ಇಲ್ಲಾಂದ್ರೆ ಬಂದಿರೋ ಗಂಡಿಗೆ ಹ್ಞೂಂ ಅಂತೀನಿ.” ಹುಡುಗಿ ಬೆಳಗಿನ ಬಸ್ಸಿಗೆ ಅಂಗಡಿಗೆ ಬಂದಳು.

“ಮಾವ, ನಿಮ್ಮಂಗಡೀಲಿ ಫೋನೈತಲ್ಲ. ಲಿಸ್ಟಲ್ಲಿ ನನ್ನ ಹೆಸ್ರು ಐತಾ, ಯಾವತ್ತು ಸೇರ್ಬೇಕು, ಒಂದಿಷ್ಟು ಕೇಳಿಸ್ತೀರಾ?”

“ಅದೇನ್ ಮಹಾ ಕೆಲ್ಸ ಕಣವ್ವ. ನಂಗೆ ಬುಡು, ನೀನು ಮನೇಲಿರು.”

ನಮ್ಮ ಗುಮಾಸ್ತ ಸಿದ್ದರಾಮಣ್ಣನಿಗೆ ಕೆಲಸ ಒಪ್ಪಿಸಿದೆ. ನೊಣವಿನಕೆರೆಯಿಂದ ದಿನಾ ಬಸ್ಸಿನಲ್ಲಿ ಬರುವ ಮನುಷ್ಯ. ನನಗಿಂತ ದೊಡ್ಡವನು, ಆದರೂ ನನ್ನನ್ನು ಯಜಮಾನ್ರೇ ಅನ್ನುತ್ತಾನೆ. ಸೋಮವಾರ ಎಕ್ಸ್‌ಚೇಂಜಿಗೆ ಹೇಳಿ ತುಮಕೂರಿಗೆ ಕಾಲ್ ಬುಕ್ ಮಾಡಿದ. ಆಫೀಸಿನ ಫೋನು ಎಂಗೇಜ್. ಮಂಗಳವಾರ ಲೈನೇ ಕೆಟ್ಟಿತ್ತು. ಎರಡು ದಿನವೂ ನಾನು ಕೇಳಿದ್ದಕ್ಕೆ ಅವನ ಉತ್ತರ ಒಂದೇ: “ಆಗುತ್ತೆ ಯಜಮಾನ್ರೇ.”

ಬುಧವಾರ ಬಾಗಿಲು ತೆಗೆದು ಊದುಬತ್ತಿ ಹಚ್ಚುವಷ್ಟರಲ್ಲಿ ಲೈನ್ ಸಿಕ್ಕಿತು. ಅವನು ಮಾತಾಡಿ, ಫೋನ್ ಇಟ್ಟು, ನನ್ನ ಹತ್ತಿರ ಬಂದ.

“ಯಜಮಾನ್ರೇ, ತುಮಕೂರಿಂದ ಏನಂದ್ರು ಅಂದ್ರೆ...”

“ಬೋಣಿ ಆಗ್ಬೇಕು ಕಣಪ್ಪ ಇನ್ನೂ! ಒಂದೇ ಮಾತಲ್ಲಿ ಹೇಳು, ಆಗುತ್ತೋ ಹೆಂಗೆ?”

“ಆಗುತ್ತೆ, ಆದ್ರೆ...”

“ಆಗುತ್ತಲ್ಲ, ಸಾಕು ಬುಡು.”

ಅವತ್ತು ಹರಾಜಿನ ದಿನ. ನಾನು ಮಾರ್ಕೆಟ್ ಯಾರ್ಡಿಗೆ ಓಡಿದೆ. ಓಡುವ ಮುಂಚೆ ಬಿಳಿಗೆರೆ ಬಸ್ಸಿನ ಕಂಡಕ್ಟರ್ ಹತ್ತಿರ ಸುದ್ದಿಯನ್ನೂ ಕಳಿಸಿದೆ: ಸೀಟು ಆಗುತ್ತೆ, ಗಾಬರಿ ಬೇಡ.

ಮುಂದಿನ ಸೋಮವಾರ ಗಿರಿಜಾ ಬಂದಳು. ಟ್ರಂಕಿಗೆ ಹೊಸ ಬೀಗ ಕೊಳ್ಳಬೇಕಂತೆ.

“ಮಾವ, ಯಾವತ್ತು ಬರ್ಬೇಕಂದ್ರು?”

ನಾನು ಸಿದ್ದರಾಮಣ್ಣನ ಕಡೆ ತಿರುಗಿದೆ. ಅವನು ಪೆನ್ನಿನ ಕ್ಯಾಪ್ ಹಾಕಿ ಕೆಳಗಿಟ್ಟ.

“ಶುಕ್ರವಾರ ಸಾಯಂಕಾಲದೊಳಗೆ ಹುಡುಗಿನೇ ಮಾರ್ಕ್ಸ್ ಕಾರ್ಡ್ ತಗೊಂಡು ಬರ್ಬೇಕು, ಬರ್ದಿದ್ರೆ ಸೀಟು ಮುಂದಿನವ್ರಿಗೆ ಹೋಗುತ್ತೆ ಅಂದ್ರು.”

“ಅಯ್ಯೋ ಮಾರಾಯ, ಬೋಣಿ ಆದ್ಮೇಲಾದ್ರೂ ಹೇಳ್ಬಾರ್ದಿತ್ತಾ?”

“ಆವಾಗ ನೀವು ಹರಾಜಿಗೆ ಹೋಗಿದ್ರಿ. ಸಾಯಂಕಾಲ ಬಾಯಿ ತೆಗೆದೆ, ‘ಆಗುತ್ತೆ ಅಂದ್ಯಲ್ಲ, ಇನ್ನೇನು ಅದೇ ಪುರಾಣ?’ ಅಂದ್ರಿ. ಹೋಗಿದ್ರೆ ಆಗ್ತಿತ್ತಲ್ಲ ಯಜಮಾನ್ರೇ. ನಾನು ಸುಳ್ಳೇನೂ ಹೇಳ್ಲಿಲ್ಲ.”

ಯಾರನ್ನು ಬಯ್ಯಲಿ?

ಗಿರಿಜಾಳನ್ನು ಕರೆದುಕೊಂಡು ಅದೇ ಬೆಳಿಗ್ಗೆ ತುಮಕೂರಿಗೆ ಹೋದೆ. ಚೌಕಾಸಿ ಮಾಡಿ ಬದುಕಿದವನಲ್ಲವೇ? ಆ ಆಫೀಸಿನಲ್ಲೂ ಶುರುಮಾಡಿದೆ. ಅಲ್ಲಿದ್ದವರು ಸಮಾಧಾನವಾಗಿಯೇ ಕೇಳಿಸಿಕೊಂಡು, ಸೀಟು ಇನ್ನೊಬ್ಬಳಿಗೆ ಹೋಗಿದೆ ಎಂದು ವರಾಂಡದ ಕಡೆ ತೋರಿಸಿದರು. ಒಂದು ಹುಡುಗಿ ಹಾಸಿಗೆ ಸುತ್ತಿಕೊಂಡು ಬಂದು ನಿಂತಿದ್ದಳು. ಪಕ್ಕದಲ್ಲಿ ಅವಳ ತಾಯಿ. ಅಲ್ಲಿಗೆ ನನ್ನ ಚೌಕಾಸಿ ಮುಗಿಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಗಿರಿಜಾ ಅಳಲಿಲ್ಲ. ಗುಬ್ಬಿ ದಾಟಿದ ಮೇಲೆ ಇಷ್ಟೇ ಅಂದಳು:

“ಲೈನೇ ಸಿಗ್ಲಿಲ್ಲ ಅಂತ ಹೇಳಿ ಕಳ್ಸಿದ್ರೂ ಸಾಕಾಗಿತ್ತು ಮಾವ. ನಾನೇ ಬಸ್ ಹತ್ತಿ ಹೋಗ್ತಿದ್ದೆ.”

ಈ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಸೋತ ಸುದ್ದಿ ಅವಳಿಗೆ ದಾರಿ ತೋರಿಸುತ್ತಿತ್ತು. ನನ್ನ ಗೆದ್ದ ಸುದ್ದಿ ಅವಳನ್ನು ಮನೆಯಲ್ಲಿ ಕೂರಿಸಿತು.

ವಿಚಿತ್ರ ನೋಡಿ. ಕೊಬ್ಬರಿ ಕೆಟ್ಟಿದೆ ಅಂತ ಯಾರಾದರೂ ಹೇಳಿದರೆ ನಾನು ಅಷ್ಟಕ್ಕೇ ಬಿಡುವವನೇ? ಹೇಗೆ ಕೆಟ್ಟಿದೆ ಅಂತ ಕೇಳುತ್ತೇನೆ. ಒಳಗೆ ಹಸಿ ಉಳಿದಿದ್ದರೆ ಇನ್ನಷ್ಟು ದಿನ ಅಟ್ಟದಲ್ಲಿರಲಿ. ಒಡೆದಿದ್ದರೆ ಎಣ್ಣೆ ಗಾಣಕ್ಕೆ. ಬೂಷ್ಟು ಹಿಡಿದದ್ದಕ್ಕೆ ಬೇರೆ ಚೀಲ. ಕಾಯಿಗೆ ಇಷ್ಟು ವಿಚಾರಣೆ ಮಾಡುವವನು ಒಂದು ಫೋನ್ ಕರೆಗೆ ಮಾಡಲಿಲ್ಲ. ಎಂಗೇಜ್ ಅಂದರೆ ಗಂಟೆ ಬಿಟ್ಟು ಮತ್ತೆ ಮಾಡಬಹುದಿತ್ತು. ಲೈನ್ ಕೆಟ್ಟಿದೆ ಅಂದರೆ ಬಸ್ಸಿತ್ತು. ‘ಹುಡುಗಿನೇ ಬರಲಿ’ ಅಂದರೆ ಆ ಗಳಿಗೆಯಲ್ಲೇ ಹೊರಡಬೇಕಿತ್ತು. ಮೂರಕ್ಕೂ ನನ್ನ ಅಂಗಡಿಯಲ್ಲಿ ಒಂದೇ ಹೆಸರು: ಆಗುತ್ತೆ.

ಮೊನ್ನೆ ಭಾವ ಲಗ್ನಪತ್ರಿಕೆ ತಂದುಕೊಟ್ಟರು. ಗಂಡು ಒಳ್ಳೆಯವನಂತೆ, ತುರುವೇಕೆರೆ ಕಡೆ ತೋಟವಂತೆ. ಆಗಲಿ, ಚೆನ್ನಾಗಿರಲಿ. ಉಡುಗೊರೆ ಏನು ಬೇಕವ್ವ ಅಂತ ಗಿರಿಜಾಗೆ ಹೇಳಿ ಕಳಿಸಿದೆ. “ಏನೂ ಬೇಡ ಅಂತೆ” ಅಂತ ಸಿದ್ದರಾಮಣ್ಣ ಬಂದು ಹೇಳಿದ. ಬೋಣಿ ಆಗಿರಲಿಲ್ಲ. ಆದರೂ ಅವನನ್ನು ಕೂರಿಸಿ, ಪೂರ್ತಿ ಹೇಳು ಅಂದೆ.

ನಿಮಗೆ ಹೇಳುವುದಿಷ್ಟು. ಫೋನಿನ ಪಕ್ಕ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ದಾರದಲ್ಲಿ ಕಟ್ಟಿಡಿ. ಆ ಕಡೆಯವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಸಿ. ಕೆಲಸ ಆಗದೆ ಬಂದವನನ್ನು ಕೂರಿಸಿ, ಯಾಕೆ ಆಗಲಿಲ್ಲ ಅಂತ ಪೂರ್ತಿ ಕೇಳಿ. ಅದಕ್ಕೂ ಮುಂಚೆ ಒಮ್ಮೆ ಕನ್ನಡಿ ನೋಡಿಕೊಳ್ಳಿ: ‘ಇಲ್ಲ’ ಅಂತ ಯಾರಾದರೂ ಹೆದರದೆ ಬಂದು ಹೇಳಬಹುದಾದ ಮುಖವೇ ಅದು?